ಪ್ರಾರ್ಥನೆಯಲ್ಲಿ ಸಿಕ್ಕಿದ ಟರ್ಕಿಯ ರಾಗ

ಬಾಗಿಲು ತೆರೆದರೆ ಕೆಳಗಿನ ಸಲೂನಿನ ಟರ್ಕಿಯವನು ನಿಂತಿದ್ದ, ಕೈಯಲ್ಲಿ ನೊರೆ ಮೆತ್ತಿದ ಬ್ರಶ್. ಅದು 2003. ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಮಂಗಳೂರಿನ ಹನ್ನೆರಡು ಮಂದಿ ಸೇರಿ, ಏಸುವಿನ ತಾಯಿ ಮರಿಯಮ್ಮನವರು ಹುಟ್ಟಿದ ದಿನದ ಮೊಂತಿ ಹಬ್ಬಕ್ಕೆ ಹೊಸ ಕೊಂಕಣಿ ಹಾಡು ಪ್ರಾಕ್ಟೀಸ್ ಮಾಡುತ್ತಿದ್ದೆವು. ಗಲಾಟೆಗೆ ಬೈಯಲು ಬಂದಿದ್ದಾನೆ ಅಂದುಕೊಂಡು ಸಾರಿ ಹೇಳಿದೆ.

ಅವನ ಕಣ್ಣು ಒದ್ದೆಯಾಗಿತ್ತು. ಮುರುಕು ಇಂಗ್ಲಿಷಿನಲ್ಲಿ, "ಇದು ಈ ವರ್ಷ ಯುರೋಪಿನ ಹಾಡಿನ ಸ್ಪರ್ಧೆ ಗೆದ್ದ ನಮ್ಮ ಹಾಡು. ಇಂಡಿಯದವರು ಟರ್ಕಿಗೋಸ್ಕರ ಹಾಡ್ತಿದ್ದೀರಾ?" ಅಂದ. ಆಮೇಲೆ ಬ್ರಶ್ ಮೇಲೆತ್ತಿ, ಸೊಂಟ ಕುಣಿಸುತ್ತಾ, ಅದರ ಅಸಲಿ ಇಂಗ್ಲಿಷ್ ಸಾಲುಗಳನ್ನು ಹಾಡಿಯೇಬಿಟ್ಟ. ಒಬ್ಬಳು ಹೆಂಗಸು ಮುನಿದ ಗಂಡಸನ್ನು ಮತ್ತೆ ಒಲಿಸಿಕೊಳ್ಳಲು ಪಡುವ ಪಾಡು. ನಾವು ಅದೇ ರಾಗದಲ್ಲಿ ಮಾತೆಗೆ ಹೂ ಅರ್ಪಿಸುತ್ತಿದ್ದೆವು.

ಎಲ್ಲರೂ ಲಾರೆನ್ಸನ ಕಡೆ ತಿರುಗಿದೆವು. ಅವನು ನಮ್ಮ ಕೀಬೋರ್ಡಿನವನು. ಪ್ರಾರ್ಥನೆ ಮಾಡುವಾಗ ಈ ರಾಗ ತಾನಾಗಿ ಬಂತೆಂದು ತಿಂಗಳಿಂದ ಕೊಚ್ಚಿಕೊಳ್ಳುತ್ತಿದ್ದ. ಕಣ್ಣು ಮುಚ್ಚಿದಾಗ ಬಂದದ್ದು ನಿಜವೇ ಇರಬೇಕು, ಆದರೆ ಕೆಳಗಿನ ಸಲೂನಿನ ಕ್ಷೌರದ ಕುರ್ಚಿಯಲ್ಲಿ, ದಿನವಿಡೀ ಅರಚುವ ಟಿವಿಯ ಕೆಳಗೆ.

"ಖಲಾಸ್, ಬೇರೆ ರಾಗ ಹುಡುಕುವಾ" ಅಂದ ಲಾರೆನ್ಸ್, ತಲೆ ಎತ್ತದೆ.

ಹಬ್ಬಕ್ಕೆ ಹಳೇ ಕೀರ್ತನೆಯನ್ನೇ ಹಾಡಿದೆವು. ಇಂದಿಗೂ ಜಪಸರ ಹಿಡಿದು ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು ಆ ಬ್ರಶ್ಶು, ಆ ಸೊಂಟ. ದೇವರು ಕ್ಷಮಿಸಲಿ, ಅವತ್ತು ಆ ಕೋಣೆಯಲ್ಲಿ ಭಕ್ತಿಯಿಂದ ಹಾಡಿದವನು ಅವನೊಬ್ಬನೇ.