ಜಲಜಾಕ್ಷಿ ಕಲಿತ ಮೆಲುಮಾತು

ಬಾಳೆಹೊನ್ನೂರು ಕಡೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಜಲಜಾಕ್ಷಿಗೆ ಬೈಯದೆ ಇಂಜೆಕ್ಷನ್ ಕೊಟ್ಟು ಗೊತ್ತಿರಲಿಲ್ಲ. ರೋಗಿಗಳೊಡನೆ ನಯವಾಗಿ ಮಾತಾಡುವುದನ್ನು ಕಲಿಯಲೆಂದು ಅವಳನ್ನು ಕೊಪ್ಪಕ್ಕೆ ತರಬೇತಿಗೆ ಕಳಿಸಿದರು. ಅಲ್ಲಿ ಕಲಿಸುತ್ತಿದ್ದದ್ದು ಒಂದು ಟ್ಯಾಬ್. ಪರದೆಯ ಮೇಲೆ ಗೊಂಬೆ ರೋಗಿಯೊಬ್ಬ ನರಳುತ್ತಿದ್ದ. ಅವನೊಡನೆ ನರ್ಸುಗಳು ಹೇಗೆ ಮಾತಾಡಿದರೆಂದು ನೋಡಿ ಯಂತ್ರವೇ ಅಂಕ ಕೊಡುತ್ತಿತ್ತು.

"ಎಂತ ಆಯ್ತು ಮಾರಾಯ?" ಎಂದಳು ಜಲಜಾಕ್ಷಿ. ಯಂತ್ರ ಸೊನ್ನೆ ಕೊಟ್ಟಿತು.

ಅವಳಿಗೆ ಹಟ ಹುಟ್ಟಿತು. ಊಟಕ್ಕೂ ಏಳದೆ ಅಭ್ಯಾಸ ಮಾಡಿ, ಸಂಜೆಯ ಹೊತ್ತಿಗೆ ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿದಳು.

ಮರುದಿನ ಅವಳು ತನ್ನ ಆಸ್ಪತ್ರೆಗೆ ಮರಳಿದಾಗ ಬಿಪಿ ತೋರಿಸಲು ಕಲ್ಲೇಶಪ್ಪ ಬಂದರು. ಅವಳ ಬೈಗುಳವನ್ನು ವರ್ಷಗಟ್ಟಲೆ ಕೇಳಿದ್ದ ಹಿರಿಯರು. ಜಲಜಾಕ್ಷಿ ಮೃದುವಾಗಿ ಅವರ ಕೈ ಹಿಡಿದು, "ತಮ್ಮ ಮನಸ್ಸಿನ ಆತಂಕವನ್ನು ನನ್ನೊಡನೆ ಹಂಚಿಕೊಳ್ಳುವಿರಾ?" ಎಂದಳು.

ಕಲ್ಲೇಶಪ್ಪನವರ ಮುಖ ಬಿಳಿಚಿತು. "ನಂಗೆ ಎಂತದೋ ದೊಡ್ಡ ಕಾಯ್ಲೆ ಬಂದಿದೆ ಅಲ್ವಾ ಸಿಸ್ಟರ್? ಡಾಕ್ಟ್ರು ಹೇಳ್ಬೇಡಿ ಅಂದಿದಾರಾ?"

ಅವಳು ನಯವಾಗಿ ಸಮಾಧಾನ ಹೇಳಿದಷ್ಟೂ ಅವರು ಬೆವರಿದರು. ಬಿಪಿ ಏರಿತು. ಕೊನೆಗೆ ಅವಳ ತಾಳ್ಮೆ ಕೆಟ್ಟಿತು.

"ಎಂತ ಕಾಯ್ಲೆನೂ ಇಲ್ಲ! ಉಪ್ಪಿನಕಾಯಿ ಬಿಡಿ ಅಂತ ಎಷ್ಟು ಸಲ ಬಡ್ಕೋಬೇಕು ನಾನು? ಸುಮ್ನೆ ಕೂತ್ಕೊಳ್ಳಿ!"

"ಅಬ್ಬ, ಬದುಕ್ದೆ," ಎಂದು ಕಲ್ಲೇಶಪ್ಪ ಉಸಿರುಬಿಟ್ಟರು. ಮತ್ತೆ ನೋಡಿದಾಗ ಬಿಪಿ ಇಳಿದಿತ್ತು.

ಜಲಜಾಕ್ಷಿಗೆ ನಗು ಬಂತು, ಸ್ವಲ್ಪ ಬೇಜಾರೂ ಆಯಿತು. ಅಷ್ಟು ಕಷ್ಟಪಟ್ಟು ಕಲಿತದ್ದಲ್ಲವೇ? ಆಗಲೇ ಕೊಪ್ಪದಿಂದ ಫೋನು ಬಂತು. ಶೃಂಗೇರಿ, ಎನ್.ಆರ್.ಪುರದ ನರ್ಸುಗಳಿಗೆಲ್ಲ ನಯವಾದ ಮಾತು ಕಲಿಸಲು ಅವಳನ್ನೇ ಆರಿಸಿದ್ದರು.