ಫ್ಲಾಪಿ ಕೆಟ್ಟಿರಲಿ ದೇವರೇ!

ಹೋದ ತಿಂಗಳು ಒಂದು ಬೆಳಿಗ್ಗೆ, ಕಡೂರು ಬಸ್‌ಸ್ಟ್ಯಾಂಡಿನ ಎದುರು ಮಹಡಿಯ ಮೇಲಿನ ಒಂದು ಅಂಗಡಿಯಲ್ಲಿ, ತೆಳ್ಳನೆಯ ಕಪ್ಪು ಚೌಕವೊಂದಕ್ಕೆ ಕೂತಲ್ಲೇ ಕೈಮುಗಿದೆ. ‘ದೇವರೇ, ಇದು ಕೆಟ್ಟುಹೋಗಿರಲಿ’ ಎಂದು ಬೇಡಿಕೊಂಡೆ.

ಒಳ್ಳೆಯದಾಗಲಿ ಎಂದು ಬೇಡಿಕೊಳ್ಳುವವರನ್ನು ನೀವು ನೋಡಿದ್ದೀರಿ. ಕೆಟ್ಟಿರಲಿ ಎಂದು ಬೇಡಿಕೊಳ್ಳುವವರನ್ನು? ಅದೂ ಕಂಡವರ ಮನೆ ಸಾಮಾನು?

ಆ ಚೌಕಕ್ಕೆ ಫ್ಲಾಪಿ ಎನ್ನುತ್ತಾರೆ. ಕಂಪ್ಯೂಟರಿನ ಬಾಯಿಗೆ ತುರುಕಿದರೆ, ಅದರಲ್ಲಿ ಬರೆದಿಟ್ಟದ್ದನ್ನೆಲ್ಲ ಕಂಪ್ಯೂಟರು ಓದಿಕೊಳ್ಳುತ್ತದೆ. ಅಂಗಡಿ ರುದ್ರೇಶನದು. ಕಂಪ್ಯೂಟರ್ ಜಾತಕದ ಅಂಗಡಿ. ಹುಟ್ಟಿದ ತಾರೀಖು, ಹೊತ್ತು, ಊರು ಹೇಳಿದರೆ ಸಾಕು. ಪ್ರಿಂಟರು ಕಿರ್ರೆಂದು ಕಿರುಚಿಕೊಂಡು ಮಾರುದ್ದದ ಕಾಗದ ಹೊರಹಾಕುತ್ತದೆ. ಅಲ್ಲಿ ಕೂತು ಕೀಲಿ ಒತ್ತುವವಳು ನನ್ನ ಅಕ್ಕನ ಮಗಳು ಶಶಿಕಲಾ. ಬಿ.ಎಸ್ಸಿ. ಮುಗಿಸಿದ ಹುಡುಗಿ. ಕಂಪ್ಯೂಟರನ್ನು ಮುಟ್ಟಿದ ದಿನದಿಂದ ಬೇರೆ ಯಾವುದೂ ಅವಳಿಗೆ ಬೇಕಾಗಿಲ್ಲ. ರುದ್ರೇಶನಿಗೆ ಜಾತಕವಷ್ಟೇ ಗೊತ್ತು. ಕಂಪ್ಯೂಟರು ಗೊತ್ತಿರುವುದು ಇವಳಿಗೆ.

ಈ ಶಶಿಗೆ ಅಜ್ಜಂಪುರದಿಂದ ಒಂದು ಸಂಬಂಧ ತಂದವನು ನಾನು. ಈರುಳ್ಳಿ ವ್ಯಾಪಾರದವರು, ಒಳ್ಳೆಯ ಮನೆತನ, ಒಬ್ಬನೇ ಮಗ. ನಾನೇ ಎರಡೂ ಕಡೆ ಓಡಾಡಿದೆ, ನಾನೇ ಎರಡೂ ಕಡೆ ಹೊಗಳಿದೆ. ಮುರಿದರೆ ಯಾರ ಮುಖಕ್ಕೆ ಮಸಿ? ನನ್ನ ಮುಖಕ್ಕೇ.

ಹೆಣ್ಣು ನೋಡಲು ಬಂದರು. ಉಪ್ಪಿಟ್ಟು, ಕೇಸರಿಬಾತು, ಕಾಫಿ ಎಲ್ಲ ಸಾಂಗವಾಯಿತು. ಹುಡುಗನಿಗೆ ಹುಡುಗಿ ಒಪ್ಪಿಗೆಯಾದಳು. ಶಶಿಯ ಕೆಲಸದ ಮಾತು ಬಂದಾಗ ಅವನು ಹೇಳಿದ: ‘ಅಂಗ್ಡಿಗಿಂಗ್ಡಿಗೆ ಹೋಗೋದೇನೂ ಬೇಡ ಬಿಡಿ. ನಮ್ಮನೇಲಿ ಟೀವಿ ಐತಲ್ಲ, ಅದ್ರ ಮುಂದೆ ಕೂತ್ಕೊಳ್ಲಿ. ಅದ್ರಾಗೆ ಬಣ್ಣಾನೂ ಬತ್ತದೆ.’

ಎಲ್ಲರೂ ನಕ್ಕರು. ನಾನಂತೂ ಕಾಫಿ ಲೋಟ ತುಳುಕುವ ಹಾಗೆ ನಕ್ಕೆ. (ರುದ್ರೇಶನ ಕಂಪ್ಯೂಟರಿನಲ್ಲಿ ಹಸಿರು ಅಕ್ಷರ ಬಿಟ್ಟರೆ ಬೇರೆ ಬಣ್ಣವಿಲ್ಲ.) ಶಶಿ ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಹೊರಡುವಾಗ ಹುಡುಗನ ತಾಯಿ ಬಾಗಿಲಲ್ಲಿ ನಿಂತರು. ‘ನಾವು ಜಾತಕ-ಗೀತಕ ಕೇಳೋರಲ್ಲ ಕಣ್ರೀ. ಆದ್ರೂ ನಿಮ್ಮ ಹುಡ್ಗಿ ಕೆಲ್ಸ ಮಾಡೋ ಜಾಗ್ದಾಗೇ ಕಂಪ್ಯೂಟ್ರು ಐತಂತಲ್ಲ. ಒಂದ್ಸಲ ಹಾಕಿಸ್ಬಿಡಿ, ಮನಸ್ಸಿಗೆ ಸಮಾಧಾನ.’

ನಮ್ಮ ಮನೆಗಳಲ್ಲಿ ಜಾತಕ ನೋಡುವ ಪದ್ಧತಿಯೇ ಇರಲಿಲ್ಲ. ಮಠಕ್ಕೆ ಹೋಗಿ ಬುದ್ಧಿಯವರ ಮುಂದೆ ಪ್ರಸ್ತಾಪ ಇಡುವುದು, ಅವರು ‘ಒಳ್ಳೇದಾಗ್ಲಿ’ ಎನ್ನುವುದು, ಅಲ್ಲಿಗೆ ಮುಗಿಯಿತು. ಜೋಯಿಸರು ಕೈಯಲ್ಲಿ ಬರೆದು ಕೊಟ್ಟಿದ್ದರೆ ಈ ತಾಯಿ ಅದರಲ್ಲಿ ಕಡಲೆಕಾಯಿ ಕಟ್ಟುತ್ತಿದ್ದರು. ಆದರೆ ಪ್ರಿಂಟರಿನಿಂದ ಬಂದ ಕಾಗದ? ಅಕ್ಕಪಕ್ಕ ತೂತು ಇರುವ ಕಾಗದ? ಅದನ್ನು ನಂಬದೆ ಇರುವುದು ಹೇಗೆ!

ಮಾರನೆಯ ದಿನ ಹುಡುಗನ ವಿವರ ತೆಗೆದುಕೊಂಡು ಅಂಗಡಿಗೆ ಹೋದೆ. ಶಶಿಯ ವಿವರವನ್ನೂ ನಾನೇ ಹೇಳಿದೆ. ‘ಟೈಮು ಆರೂ ಮುಕ್ಕಾಲು.’ ಅವಳು ಒತ್ತಿದಳು. ಪ್ರಿಂಟರು ಕಿರುಚಿತು. ಕೊನೆಯ ಸಾಲಿನಲ್ಲಿ ಇಂಗ್ಲಿಷಿನಲ್ಲಿ ದಪ್ಪಗೆ ಬಂತು: ಹೊಂದಾಣಿಕೆ ಇಲ್ಲ, ಈ ವಿವಾಹ ಸಲ್ಲದು.

ಅಕ್ಕ ಆ ಕಾಗದ ನೋಡಿ ಕಣ್ಣೀರು ಹಾಕಿದಳು. ನನ್ನ ಅಕ್ಕನ ಗುಣವೇ ಅಂಥದು. ಅಚ್ಚಾದದ್ದೆಲ್ಲ ಅವಳಿಗೆ ನಿಜ. ಪತ್ರಿಕೆಯಲ್ಲಿ ಟೆಂಡರ್ ನೋಟೀಸನ್ನೂ ಬಿಡದೆ ಓದುತ್ತಾಳೆ. ‘ಪೇಪರ್‌ನಾಗೇ ಬಂದೈತೆ ಕಣೋ’ ಎಂದರೆ ಅದರ ಮೇಲೆ ಅಪೀಲಿಲ್ಲ. ಅಜ್ಜಂಪುರದವರಿಗೆ ಏನು ಹೇಳುವುದು? ನಾಲ್ಕು ದಿನ ತಡೆಯಿರಿ, ಪ್ರಿಂಟರಿಗೆ ರಿಬ್ಬನ್ ಇಲ್ಲ ಎಂದು ಸುಳ್ಳು ಹೇಳಿ ಕಳಿಸಿದೆ.

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನನ್ನ ಸ್ವಭಾವ ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಬೀರೂರಿನ ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ರೈಲ್ವೆ ಗೇಟಿನವರೆಗೆ ಹೋಗಿ, ಮತ್ತೆ ಬಂದು ಜಗ್ಗಿ ನೋಡುವವನು ನಾನು. ಕೊನೆಗೆ ಸ್ನಾನ ಮಾಡುವಾಗ ಹೊಳೆಯಿತು. ಫ್ಲಾಪಿ! ಫ್ಲಾಪಿ ಕೆಟ್ಟಿದೆ! ಜಾತಕದ ಲೆಕ್ಕವೆಲ್ಲ ಇರುವುದು ಅದರಲ್ಲೇ. ಕೆಟ್ಟ ಫ್ಲಾಪಿ ಇನ್ನೇನು ಹೇಳೀತು?

ಅಂದಹಾಗೆ, ನಾನು ಕಂಪ್ಯೂಟರ್ ಟ್ರೈನಿಂಗ್ ಆದವನು. ನಮ್ಮ ಆಫೀಸಿನವರು ಶಿವಮೊಗ್ಗಕ್ಕೆ ಕಳಿಸಿದ್ದರು. ಕಲಿತು ವಾಪಸ್ ಬಂದರೆ ಆಫೀಸಿನಲ್ಲಿ ಕಂಪ್ಯೂಟರೇ ಇರಲಿಲ್ಲ. ಈಗಲೂ ಇಲ್ಲ. ಹೇಳಿಕೊಟ್ಟದ್ದರಲ್ಲಿ ತಲೆಯಲ್ಲಿ ಉಳಿದದ್ದು ಒಂದೇ ಆಜ್ಞೆ: ಚೆಕ್‌ಡಿಸ್ಕ್. ಕಪ್ಪು ಪರದೆಯ ಮೇಲೆ ಅದನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ಫ್ಲಾಪಿಯ ಆರೋಗ್ಯ ಗೊತ್ತಾಗುತ್ತದೆ ಎಂದಿದ್ದರು. ತಲೆ ಒರೆಸಿಕೊಳ್ಳದೆ ಕಡೂರಿನ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ರುದ್ರೇಶನೂ ಇದ್ದ. ವಿಷಯ ಕೇಳಿ ಅವನ ಮುಖ ಸಣ್ಣದಾಯಿತು.

‘ನಮ್ಮ ಫ್ಲಾಪಿಗೆ ಏನೂ ಆಗಿಲ್ಲ ಸಾರ್. ದಿನಾ ವಿಭೂತಿ ಇಟ್ಟು ಪೂಜೆ ಮಾಡ್ತೀನಿ.’

ನಾನು ಹತ್ತಿರ ಹೋದೆ. ‘ವಿಭೂತೀನಾ? ಎಲ್ಲಿಗೆ ಇಡ್ತೀರಿ?’

‘ಅದ್ಕೇ ಸಾರ್. ಫ್ಲಾಪಿಗೆ.’

ಫ್ಲಾಪಿಯ ಮೈಯಲ್ಲಿ ಉದ್ದನೆಯ ಒಂದು ಕಿಂಡಿಯಿರುತ್ತದೆ. ಅದರೊಳಗೆ ದೂಳಿನ ಕಣ ಬಿದ್ದರೂ ಕೆಟ್ಟಿತೆಂದು ಟ್ರೈನಿಂಗಿನಲ್ಲಿ ಹೇಳಿದ್ದರು. ಇಲ್ಲಿ ದಿನವೂ ಮೂರು ಬೆರಳು ವಿಭೂತಿ! ಸಂತೋಷಕ್ಕೆ ಕುಣಿಯುವುದೊಂದು ಬಾಕಿ.

‘ಮೇಲಿನ ಕವರಿಗೆ ಇಡ್ತಾರೆ ಮಾವ,’ ಎಂದಳು ಶಶಿ. ‘ಒಳಗಿನದಕ್ಕಲ್ಲ. ಕವರ್ ಕೂಡ ನಾನು ಒರೆಸಿಡ್ತೀನಿ.’

ಇರಲಿ. ನಾನೇ ಖುರ್ಚಿ ಎಳೆದುಕೊಂಡು ಕೂತೆ. ಎರಡು ಬೆರಳಲ್ಲಿ ಹುಡುಕಿ ಹುಡುಕಿ ಚೆಕ್‌ಡಿಸ್ಕ್ ಟೈಪ್ ಮಾಡಿದೆ. ಕಂಪ್ಯೂಟರು ಕರ್ ಕರ್ ಎಂದಿತು. ಕೈಮುಗಿದದ್ದು ಆಗಲೇ. ಪರದೆಯ ಮೇಲೆ ಸಾಲುಸಾಲು ಅಂಕಿಗಳು ಬಂದವು. ಒಟ್ಟು ಜಾಗ ಇಷ್ಟು, ತುಂಬಿರುವುದು ಇಷ್ಟು, ಖಾಲಿ ಇಷ್ಟು. ಕೆಟ್ಟ ಜಾಗವಿದ್ದರೆ ಅದಕ್ಕೊಂದು ಬೇರೆ ಸಾಲು ಬರಬೇಕು. ಆ ಸಾಲೇ ಇಲ್ಲ.

ಮತ್ತೆ ಒತ್ತಿದೆ. ಅದೇ ಅಂಕಿಗಳು. ಫ್ಲಾಪಿ ತೆಗೆದು, ಊದಿ, ಹಾಕಿ ಒತ್ತಿದೆ. ಅದೇ. ಸಿಂಗಟಗೆರೆಯ ನಮ್ಮ ದೊಡ್ಡಪ್ಪ ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಹೇಳುತ್ತಿದ್ದರು. ನಾನು ಫ್ಲಾಪಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ರುದ್ರೇಶ ನೋಡಲಾರದೆ ಕೆಳಗೆ ಟೀ ಕುಡಿಯಲು ಹೋದ.

ಅಷ್ಟರಲ್ಲಿ ಕರೆಂಟು ಹೋಯಿತು. ಕಂಪ್ಯೂಟರು ಕುಂಯ್ ಎಂದು ಸತ್ತಿತು. ಕತ್ತಲಾದ ಪರದೆಯಲ್ಲಿ ನನ್ನದೇ ಮುಖ ಕಾಣುತ್ತಿತ್ತು. ಎದ್ದು ನಿಂತೆ, ಕೂತೆ, ಕಿಟಕಿಯಿಂದ ಬಸ್ಸುಗಳ ಬೋರ್ಡು ಓದಿದೆ. ತರೀಕೆರೆ, ಬೀರೂರು, ಅಂತರಘಟ್ಟೆ. ಮತ್ತೆ ಬಂದು ಕೂತೆ.

‘ಮಾವ, ಒಂದ್ ಮಾತು,’ ಎಂದಳು ಶಶಿ. ‘ಚೆಕ್‌ಡಿಸ್ಕ್ ಬರೀ ಪರಿವಿಡಿ ನೋಡತ್ತೆ. ಯಾವ ಫೈಲು ಎಲ್ಲಿದೆ, ಲೆಕ್ಕ ಸರಿಯಿದೆಯಾ, ಅಷ್ಟೇ. ಒಳಗಿನದನ್ನ ಓದಿ ನೋಡಲ್ಲ. ಒಳಗೆ ಹಾಳಾಗಿದ್ರೂ ಸರಿಯಿದೆ ಅಂತ್ಲೇ ಹೇಳತ್ತೆ.’

ಹೋದ ಜೀವ ಬಂತು. ‘ಹಂಗಾದ್ರೆ ಒಳಗೆ ಕೆಟ್ಟಿರ್ಬೋದು!’

‘ಇರ್ಬೋದು. ನೋಡಣ.’

ಕರೆಂಟು ಬಂತು. ಶಶಿ ಬೀರುವಿನಿಂದ ಮಾಸ್ಟರ್ ಫ್ಲಾಪಿ ತೆಗೆದಳು. ಅಂಗಡಿಗೆ ಕಂಪ್ಯೂಟರು ಬಂದ ದಿನ ಬಂದದ್ದು; ಅದರ ನಕಲನ್ನೇ ಇವರು ದಿನವೂ ಬಳಸುವುದು. ಇನ್ನೊಂದು ಆಜ್ಞೆ ಟೈಪ್ ಮಾಡಿದಳು: ಡಿಸ್ಕ್‌ಕಾಂಪ್. ಇದು ಎರಡು ಫ್ಲಾಪಿಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದಿ, ಒಂದಕ್ಕೊಂದು ಹೋಲಿಸಿ ನೋಡುತ್ತದಂತೆ. ಒಂದು ಅಕ್ಷರ ಬೇರೆಯಿದ್ದರೂ ಹಿಡಿಯುತ್ತದಂತೆ. ಎರಡು ಫ್ಲಾಪಿಗಳೂ ಸರದಿಯ ಮೇಲೆ ಕರ್ ಎಂದವು. ನಾನು ಮೇಜಿನ ಅಂಚು ಹಿಡಿದುಕೊಂಡಿದ್ದೆ. ನನಗೆ ಮರ್ಯಾದೆ ಉಳಿಯಬೇಕಿತ್ತು ಸ್ವಾಮಿ!

ಪರದೆ ಹೇಳಿತು: ಹೋಲಿಕೆ ಸರಿಯಿದೆ. ಕೆಳಗೆ ಪ್ರಶ್ನೆ: ಇನ್ನೊಂದನ್ನು ಹೋಲಿಸಿ ನೋಡಬೇಕೆ, ಹೌದೋ ಅಲ್ಲವೋ?

ನಾನು ಯೋಚಿಸುವ ಮೊದಲೇ ಶಶಿ ‘ಅಲ್ಲ’ ಒತ್ತಿಬಿಟ್ಟಳು.

ಇನ್ನು ಪರೀಕ್ಷಿಸಲು ಏನೂ ಉಳಿದಿರಲಿಲ್ಲ. ಆದರೂ ಜಗ್ಗಿ ನೋಡುವ ಕೈ ಸುಮ್ಮನಿರಬೇಕಲ್ಲ. ‘ಜಾತಕ ಇನ್ನೊಂದ್ಸಲ ಹಾಕು. ನನ್ನ ಕಣ್ಣೆದುರಿಗೇ ಹಾಕು,’ ಎಂದೆ. ಹೆಸರು ಒತ್ತಿದಳು. ತಾರೀಖು ಒತ್ತಿದಳು. ಹೊತ್ತಿನ ಜಾಗಕ್ಕೆ ಬಂದಾಗ ನಿಂತಳು. ನನ್ನ ಮುಖ ನೋಡಿದಳು. ನೋಡುತ್ತಲೇ ಒತ್ತಿದಳು: ಸೊನ್ನೆ ಆರು, ನಲವತ್ತೈದು.

ಅಕ್ಕ ಬಂದವರಿಗೆಲ್ಲ ಹೇಳುವ ಮಾತೊಂದಿದೆ. ‘ನಮ್ಮ ಶಶಿ ದೀಪ ಹಚ್ಚೋ ಹೊತ್ನಾಗೆ ಹುಟ್ದೋಳು. ಮನೆಗೆ ಬೆಳಕು ತಂದ್ಲು.’

‘ಲೇ ಶಶಿ,’ ಎಂದೆ. ‘ನೀನು ಹುಟ್ಟಿದ್ದು ಸಂಜೆ ಆರೂ ಮುಕ್ಕಾಲು ಕಣೇ. ಬೆಳಿಗ್ಗೆ ಅಲ್ಲ.’

‘ಹೌದು ಮಾವ.’

‘ಮತ್ತೆ?’

‘ಹದಿನೆಂಟು ನಲವತ್ತೈದು ಅಂತ ಒತ್ಬೇಕಿತ್ತು. ಒತ್ಲಿಲ್ಲ. ಆ ದಿನ ಬೆಳಿಗ್ಗೆಗೂ ಸಂಜೆಗೂ ನಕ್ಷತ್ರ ಬದ್ಲಾಗತ್ತೆ.’ ಪರದೆಯ ಕಡೆ ತಿರುಗಿ ಹೇಳಿದಳು: ‘ಸಂಜೆದು ಹಾಕಿದ್ರೆ ಕೂಡಿ ಬರತ್ತೆ. ಅದನ್ನೂ ಹಾಕಿ ನೋಡಿದೀನಿ.’

ನನಗೆ ರೇಗಿತು. ನಿಜವಾಗಿ ರೇಗಿತು. ಇಷ್ಟು ಹೊತ್ತು ನಾನು ಫ್ಲಾಪಿ ಅಲ್ಲಾಡಿಸಿಕೊಂಡು ಕೂತಿದ್ದೇನೆ, ಇವಳು ಪಕ್ಕದಲ್ಲಿ ನಿಂತು ‘ನೋಡಣ’ ಎನ್ನುತ್ತಿದ್ದಾಳೆ! ‘ಬೇಡ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?’

‘ಹೇಳ್ದೆ ಮಾವ. ಅಮ್ಮಂಗೆ ಹೇಳ್ದೆ. ಹುಡ್ಗೀರು ಮೊದ್ಲು ಹಂಗೇ ಅಂತಾರೆ ಅಂದ್ಲು. ಅಪ್ಪಂಗೆ ಹೇಳ್ದೆ. ನಿಮ್ಮಾವನ್ನ ಕೇಳು ಅಂದ್ರು.’ ಪ್ರಿಂಟರಿನ ಕಾಗದದ ತೂತಿನ ಅಂಚನ್ನು ಹರಿಯುತ್ತ ಹೇಳಿದಳು: ‘ನಿಮ್ಗೆ ಹೇಳೋಣ ಅಂತಿದ್ದೆ. ಆ ಟೀವಿ ಮಾತಿಗೆ ಎಲ್ಲಾರಿಗಿಂತ ಜೋರಾಗಿ ನಕ್ಕೋರು ನೀವು.’

ನಾನು ಪ್ರಿಂಟರಿನ ಕಡೆ ನೋಡಿದೆ.

‘ನಾನು ಬೇಡ ಅಂದ್ರೆ ಯಾರಿಗೂ ಕೇಳಿಸ್ಲಿಲ್ಲ. ಪ್ರಿಂಟ್ರು ಬೇಡ ಅಂತು, ಎಲ್ಲಾರೂ ಕೇಳಿದ್ರಿ.’ ಹೀಗೆಂದು ಕೀಬೋರ್ಡನ್ನು ನನ್ನ ಕಡೆ ತಳ್ಳಿದಳು. ‘ಹದಿನೆಂಟು ನಲವತ್ತೈದು. ಬೇಕಿದ್ರೆ ನೀವೇ ಒತ್ತಿ.’

ಬೆರಳು ಚಾಚಿದರೆ ಸಂಬಂಧ ಉಳಿಯುತ್ತಿತ್ತು. ಅಜ್ಜಂಪುರದಲ್ಲಿ ನನ್ನ ಮಾತೂ ಉಳಿಯುತ್ತಿತ್ತು. ಸುಳ್ಳೂ ಅಲ್ಲ, ಅದೇ ಸರಿಯಾದ ಹೊತ್ತು! ಎದ್ದು ಕಿಟಕಿಯ ಹತ್ತಿರ ಹೋದೆ. ವಾಪಸ್ ಬಂದೆ. ಮತ್ತೆ ಕಿಟಕಿಗೆ ಹೋದೆ. ಹಸಿರು ಅಕ್ಷರಗಳ ಮುಂದೆ ಆ ಹುಡುಗಿ ಕೈಕಟ್ಟಿ ಕೂತಿದ್ದಳು. ನಾನು ಕೆಳಗಿಳಿದು ಹೋಗಿ, ರುದ್ರೇಶನ ಪಕ್ಕದಲ್ಲಿ ನಿಂತು ಒಂದು ಟೀ ಕುಡಿದು, ಬೀರೂರಿನ ಬಸ್ಸು ಹತ್ತಿದೆ. ಅಜ್ಜಂಪುರಕ್ಕೆ ಮೊದಲಿನ ಕಾಗದವನ್ನೇ ಕಳಿಸಿದೆ. (ಆ ಹುಡುಗನಿಗೆ ಶಿವನಿಯ ಕಡೆ ಸಂಬಂಧ ಕುದುರಿದೆ. ಆ ಹುಡುಗಿಗೆ ಟೀವಿ ಇಷ್ಟವಂತೆ. ಚೆನ್ನಾಗಿರಲಿ.)

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಎಲ್ಲಿ ಮುಗಿಯುತ್ತದೆ? ಅಕ್ಕ ಮೊನ್ನೆ ಹೇಳಿ ಕಳಿಸಿದ್ದಾಳೆ. ತರೀಕೆರೆಯಿಂದ ಇನ್ನೊಂದು ಕಡೆಯವರು ಈ ಭಾನುವಾರ ಬರುತ್ತಾರಂತೆ. ಅವರಿಗೂ ಹುಡುಗಿ ಕೆಲಸಕ್ಕೆ ಹೋಗುವುದು ಇಷ್ಟವಿಲ್ಲವಂತೆ. ಈ ಸಲ ಜಾತಕವನ್ನು ಕಡೂರಿನಲ್ಲಲ್ಲ, ದಾವಣಗೆರೆಯ ಕಂಪ್ಯೂಟರಿನಲ್ಲಿ ಹಾಕಿಸುತ್ತಾರಂತೆ.

ಅಲ್ಲಿ ಕೀಲಿ ಒತ್ತುವವರು ಯಾರೋ ಏನೋ.

ಆಗಿನಿಂದ ನನಗೆ ಮತ್ತೆ ಕೂತಲ್ಲಿ ಕೂರಲಾಗುತ್ತಿಲ್ಲ. ನಾವು ಎಷ್ಟೆಲ್ಲ ಪರೀಕ್ಷೆ ಮಾಡುತ್ತೇವೆ ನೋಡಿ. ಸೀರೆ ಕೊಂಡರೆ ಬಿಸಿಲಿಗೆ ಹಿಡಿಯುತ್ತೇವೆ, ಗಡಿಗೆ ಕೊಂಡರೆ ತಟ್ಟುತ್ತೇವೆ, ಹುಡುಗನ ಕಡೆಯವರ ಬಗ್ಗೆ ಊರೆಲ್ಲ ವಿಚಾರಿಸುತ್ತೇವೆ. ಮನೆಯ ಹುಡುಗಿಯನ್ನು ಮಾತ್ರ ‘ಹೆಂಗಿದೀಯಮ್ಮಾ’ ಎಂದು ಕೇಳಿ, ‘ಚೆನ್ನಾಗಿದೀನಿ’ ಎಂದರೆ ಮುಂದಿನ ಕೆಲಸಕ್ಕೆ ಹೋಗುತ್ತೇವೆ. ಪರಿವಿಡಿ ಸರಿಯಿದೆ, ಸಾಕು!

ನಿನ್ನೆ ಶಶಿಯನ್ನು ಕೇಳಿದೆ. ‘ಇದನ್ನ ಪೇಪರ್‌ಗೆ ಬರೀಲೇನೇ? ಊರಿಗೆಲ್ಲ ಗೊತ್ತಾಗತ್ತೆ.’

ಅವಳು ಹೇಳಿದಳು. ‘ಬರೀರಿ ಮಾವ. ಕಂಪ್ಯೂಟರ್ ಡಿಪ್ಲೊಮಾ ಮಾಡ್ಬೇಕು, ಇದೇ ಕೆಲ್ಸ ಮಾಡ್ಬೇಕು, ಒಪ್ಪೋರು ಬಂದಾಗ ಮದ್ವೆ ಆಗ್ತೀನಿ ಅಂತ ಬರೀರಿ. ನಾನು ಹೇಳಿದ್ರೆ ಅಮ್ಮ ನಂಬಲ್ಲ. ಅಚ್ಚಾಗಿ ಬಂದ್ರೆ ನಂಬ್ತಾಳೆ.’

ಅಕ್ಕಾ, ಅಚ್ಚಾಗಿದೆ. ಭಾನುವಾರದವರಿಗೆ ಏನು ಹೇಳಿ ಕಳಿಸೋಣ?