ಜನ ಬಂದಾಗ ಮಲಗಿಸುತ್ತಿದ್ದೆ

ಆ ಭಾನುವಾರವೂ ಅಕ್ಕ ನನಗಿಂತ ಮೊದಲೇ ಶಹಾಪುರದ ಗುಡ್ಡ ಹತ್ತಿ ಕುಳಿತಿದ್ದಳು. ಅವಳಿಗೆ ಅರವತ್ತೆಂಟು, ನನಗೆ ಅರವತ್ತು. "ಏ ತಂಗಿ, ಉಸಿರು ಮನ್ಯಾಗ ಬಿಟ್ಟು ಬಂದೀಯೇನ?" ಎಂದಳು. ಮನೆಗೆ ಬಂದು ಬಾಗಿಲ ಮುಂದೆ ಕಾಲು ತೊಳೆಯುವಾಗ ಗೋಡೆ ಹಿಡಿದಳು. ಎಡ ಪಾದ ಎತ್ತಿ ತಿಕ್ಕುವಷ್ಟು ಹೊತ್ತೂ ಬಲಗಾಲಿನ ಮೇಲೆ ನಿಲ್ಲಲಾಗಲಿಲ್ಲ.

ನಾನು ನಕ್ಕೆ.

ಮರುದಿನ ಗುಡ್ಡ ಇಳಿಯುವಾಗ ಬಿದ್ದಳು.

ಹಿಪ್ ಫ್ರ್ಯಾಕ್ಚರ್. ಕಲಬುರಗಿಯಲ್ಲಿ ಆಪರೇಷನ್ ಆಯಿತು. ಫಿಸಿಯೋಥೆರಪಿಯವರು ವಾಕರ್ ಕೊಟ್ಟು ಹೇಳಿದರು: "ಸೊಂಟದ ಸ್ನಾಯು ಮೊದಲೇ ಸೋತಿತ್ರಿ. ದಿನಾ ಎಬ್ಬಿಸ್ರಿ, ನಡೆಸ್ರಿ. ಮಲಗಿಸಿ ಇಡಬ್ಯಾಡ್ರಿ." ಕಾಲನ್ನು ಪಕ್ಕಕ್ಕೆ ಎತ್ತುವುದು, ಕುರ್ಚಿಯಿಂದ ಏಳುವುದು, ವಾಕರ್ ಹಿಡಿದು ಒಂಟಿ ಕಾಲಲ್ಲಿ ಹತ್ತು ಎಣಿಸುವುದು. ಶ್ರಾವಣದಲ್ಲಿ ಮತ್ತೆ ಗುಡ್ಡ ಹತ್ತುವ ಆಸೆಗೆ ಅಕ್ಕ ಎಲ್ಲವನ್ನೂ ಮಾಡಿದಳು.

ಮಾತಾಡಿಸಲು ಜನ ಬರತೊಡಗಿದರು. ಸುರಪುರದಿಂದ ಬಂದ ಅತ್ತಿಗೆ, ಅಕ್ಕ ನಿಂತದ್ದನ್ನು ಬಾಗಿಲಲ್ಲೇ ನೋಡಿದಳು.

"ಎಲುಬು ಮುರಿದಾಕಿ ಕಡಿಂದ ಕವಾಯತು ಮಾಡಸಾಕತ್ತೀ ಏನವಾ? ನಿನಗ ಬ್ಯಾಸರಾಗಿದ್ರ ಹೇಳು, ನಾ ಕರ್ಕೊಂಡು ಹೋಗ್ತೀನಿ."

ಆ ಮಾತು ನಾಟಿತು. ಅಂದಿನಿಂದ ಗೇಟು ಸಪ್ಪಳವಾದರೆ ಅಕ್ಕನನ್ನು ಮಲಗಿಸಿ, ಹೊದಿಸುತ್ತಿದ್ದೆ. ಜನ ದಿನವೂ ಬಂದರು. ಒಬ್ಬರು ಎದ್ದರೆ ಇನ್ನೊಬ್ಬರು. ಕೆಲವು ದಿನ ಅವಳು ಹಾಸಿಗೆ ಬಿಟ್ಟು ಏಳಲೇ ಇಲ್ಲ.

"ನಾ ಏನ್ ಹೆಣ ಏನ, ಬಂದವರಿಗೆಲ್ಲ ಮಲಗಿ ತೋರಸಾಕ?" ಎಂದು ಬೈದಳು. ನಾನು ಕೇಳಲಿಲ್ಲ.

ಐದನೆಯ ವಾರ ಮೀನಖಂಡ ಬಾತಿತು. ಎಣ್ಣೆ ಹಚ್ಚಿ ತಿಕ್ಕಿದೆ. ಎರಡು ದಿನಕ್ಕೆ ಉಸಿರು ಸಿಗದಂತಾಯಿತು.

ಯಾದಗಿರಿ ಮುಟ್ಟುವ ಮೊದಲೇ, ಗಾಡಿಯಲ್ಲೇ, ಹೋದಳು.

ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿರಬೇಕು ಎಂದರು ಡಾಕ್ಟರು. "ನಡೆಸಿದ್ರ ಉಳೀತಿದ್ಲೇನ್ರಿ?" ಎಂದು ಕೇಳಿದೆ.

"ಹಂಗ ಹೇಳಾಕ ಬರಂಗಿಲ್ರಿ. ನಡೆದಾಡಿದವರಿಗೂ ಆಗ್ತದ."

ಆ ಉತ್ತರಕ್ಕೆ ಅವರಿಗೆ ಋಣಿ. ಪೂರ್ತಿ ನಂಬಲು ಆಗಿಲ್ಲ.

ಈಗ ಅಕ್ಕನ ವ್ಯಾಯಾಮವನ್ನು ನಾನು ಮಾಡುತ್ತೇನೆ. ಯಾರು ಬಂದರೂ ನಿಲ್ಲಿಸುವುದಿಲ್ಲ. ಮೊದಮೊದಲು ಮೂರು ಎಣಿಸುವಷ್ಟರಲ್ಲಿ ಸೊಂಟ ಒಂದು ಕಡೆ ವಾಲುತ್ತಿತ್ತು. ಈಗ ಹತ್ತು ಆಗುತ್ತದೆ. ಅತ್ತಿಗೆ ಬಂದಾಗ ಅವಳಿಗೂ ಹೇಳಿಕೊಟ್ಟೆ. ಬಾಗಿಲು ಹಿಡಿದು ಒಂಟಿ ಕಾಲಲ್ಲಿ ನಿಂತಳು.

ಕಾಲಿಗೆ ಬಲ ಬಂದಿದೆ. ಗುಡ್ಡದ ಬುಡದವರೆಗೆ ಹೋಗಿ ಬರುತ್ತೇನೆ. ಹತ್ತಲು ಇನ್ನೂ ಆಗಿಲ್ಲ. ಅಕ್ಕ ಇಲ್ಲ.